ಊಟಕ್ಕೆ ಕರೆದ ಹೆಸರು

ನಮ್ಮ ವೊಂಗ್ ಕಾಲುವೆಯ ದಂಡೆಯಲ್ಲಿ ಥೊಮ್ ಅಕ್ಕನನ್ನು ಯಾರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಹಪ್ಪಳದಕ್ಕ ಎನ್ನುತ್ತಿದ್ದರು. ಅಕ್ಕಿಹಿಟ್ಟನ್ನು ಬಟ್ಟೆಯ ಮೇಲೆ ತೆಳ್ಳಗೆ ಹುಯ್ದು, ಹಬೆಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಒಣಗಿಸಿ ಮಾರುವುದು ಅವಳ ಕಸುಬು. ಹಿಂದೆಮುಂದೆ ಯಾರೂ ಇಲ್ಲದವಳು. ಒಂದು ಸಂಬಂಧ ಕೂಡಿಬಂದಿತ್ತು. ಗಂಡಿನ ತಾಯಿ ಪಟ್ಟಣಕ್ಕೆ ಹೋದಾಗ ಹುತಾತ್ಮರ ಸ್ಮಶಾನದ ಕಲ್ಲೊಂದರ ಮೇಲೆ ಹುಡುಗಿಯ ಹೆಸರು, ಊರು, ಹುಟ್ಟಿದ ವರ್ಷ ಎಲ್ಲವನ್ನೂ ಓದಿಬಂದು, ಕೊಟ್ಟಿದ್ದ ವೀಳ್ಯ ಅಡಿಕೆಯನ್ನು ವಾಪಸ್ ಎತ್ತಿಕೊಂಡು ಹೋದಳು. ಆ ಹೆಂಗಸನ್ನು ನಾನು ಬಯ್ಯಲಾರೆ. ಮದುವೆಗೆ ಮೊದಲೇ ಗೋರಿ ಸಿದ್ಧವಾಗಿರುವ ಸೊಸೆಯನ್ನು ತರಲು ಯಾವ ಅತ್ತೆಗೆ ಧೈರ್ಯ ಬಂದೀತು?

ಆ ಗೋರಿಯೊಳಗಿದ್ದದ್ದು ನನ್ನ ಗಂಡ ಲುವಾನನ ಅಕ್ಕ, ನ್ಯಾನ್. ನಾನು ಅವಳನ್ನು ಕಂಡಿಲ್ಲ. ಯುದ್ಧ ಮುಗಿದ ಮಾರನೆಯ ವರ್ಷ ನಾನು ಈ ಮನೆಗೆ ಬಂದವಳು. ನ್ಯಾನ್ ಮೀನಿನ ಬುಟ್ಟಿಯ ತಳದಲ್ಲಿ ಮದ್ದುಗುಂಡು ಇಟ್ಟುಕೊಂಡು ಪಟ್ಟಣಕ್ಕೆ ಸಾಗಿಸುತ್ತಿದ್ದಳಂತೆ. ಅವಳ ಹೆಸರು ಪೊಲೀಸರಿಗೆ ಗೊತ್ತಾದ ಮೇಲೆ ಗೆಳತಿ ಥೊಮ್ ತನ್ನ ಗುರುತಿನ ಚೀಟಿ ಕೊಟ್ಟಳು. ಅದರಲ್ಲಿದ್ದ ಮಸುಕು ಫೋಟೋದಲ್ಲಿ ಯಾವ ಹುಡುಗಿಯಾದರೂ ಇನ್ನೊಬ್ಬಳಂತೆ ಕಾಣುತ್ತಿದ್ದಳು. ಚೀಟಿ ಕೊಟ್ಟವಳು ಕಾಲುವೆಯಾಚೆಯ ಜವುಗಿನಲ್ಲಿ, ನಮ್ಮ ಹೋರಾಟಗಾರರ ಬಳಿ ಉಳಿದುಬಿಟ್ಟಳು. ಪಟ್ಟಣಕ್ಕೆ ಹೋದ ನ್ಯಾನ್ ಸಿಕ್ಕಿಬಿದ್ದಳು.

ಎಷ್ಟು ಹೊಡೆದರೂ ಅವಳು ತಾನು ಥೊಮ್ ಎಂದೇ ಹೇಳಿದಳು. ನಿಜ ಹೇಳಿದ್ದರೆ ನನ್ನ ಅತ್ತೆಯನ್ನೂ ಪುಟ್ಟ ಲುವಾನನನ್ನೂ ಎಳೆದೊಯ್ಯುತ್ತಿದ್ದರು. ಅದೇ ಕೋಣೆಯಲ್ಲಿದ್ದ ಹೆಂಗಸೊಬ್ಬಳು ಆಮೇಲೆ ಬಂದು ಹೇಳಿದ್ದು ಇಷ್ಟು: ಬೆಳಿಗ್ಗೆ ಕಾವಲಿನವನು ಬಾಗಿಲಲ್ಲಿ ನಿಂತು ‘ಥೊಮ್’ ಎಂದು ಕೂಗಿದ, ಹುಡುಗಿ ತನ್ನನ್ನು ಹೆತ್ತವರೇ ಕರೆದರೋ ಎಂಬಂತೆ ತಟ್ಟನೆ ಎದ್ದು, ಕೂದಲು ಸರಿಮಾಡಿಕೊಂಡು ಹೋದಳು. ಆಟದ ಬಯಲಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಮಧ್ಯಾಹ್ನ ಧ್ವನಿವರ್ಧಕ ಕಟ್ಟಿದ ದೋಣಿ ಕಾಲುವೆಯುದ್ದಕ್ಕೂ ಥೊಮ್ ಎಂಬ ಬಂಡಾಯಗಾರ್ತಿ ಸತ್ತಳೆಂದು ಸಾರಿಕೊಂಡು ಹೋಯಿತು. ಅತ್ತೆ ದಂಡೆಯಲ್ಲಿ ಕೂತು ಮೀನು ಉಜ್ಜುತ್ತಿದ್ದರು. ಅತ್ತರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಕೈ ನಿಲ್ಲಿಸದೆ ಉಜ್ಜಿದರಂತೆ. ಯುದ್ಧ ಮುಗಿದ ಮೇಲೆ ಗೋರಿಯ ಕಲ್ಲಿಗೂ ಥೊಮ್ ಎಂಬ ಹೆಸರೇ ಬಿತ್ತು.

ನಾನು ಬಂದ ವರ್ಷ ಮೊದಲ ಬಾರಿಗೆ ಮುಚ್ಚುಮರೆಯಿಲ್ಲದೆ ನ್ಯಾನ್‌ಳ ತಿಥಿ ಮಾಡಿದರು. ಹಾಗಲಕಾಯಿಗೆ ಮಾಂಸ ತುಂಬಿ ಸಾರು ಮಾಡಿದ್ದೆ, ಎಳನೀರಿನಲ್ಲಿ ಬಾತುಮೊಟ್ಟೆ ಬೇಯಿಸಿದ್ದೆ. ಎಲ್ಲ ಬಡಿಸಿ, ಊದುಬತ್ತಿ ಹಚ್ಚಿ, ಅತ್ತೆ ಮಗಳನ್ನು ಹೆಸರು ಹಿಡಿದು ಊಟಕ್ಕೆ ಕರೆದರು. ಆಮೇಲೆ ಒಂದು ಮುಖಕ್ಕೆ ಸುಣ್ಣ ಬಳಿದ ಎರಡು ಹಳೆಯ ನಾಣ್ಯಗಳನ್ನು ತಟ್ಟೆಗೆ ಹಾಕಿದರು. ಒಂದು ಬಿಳಿ, ಒಂದು ಕಪ್ಪು ಬಿದ್ದರೆ ಸತ್ತವರು ಬಂದರೆಂದು ಲೆಕ್ಕ. ಎರಡೂ ಬಿಳಿ ಬಿದ್ದವು. ಮತ್ತೆ ಹಾಕಿದರೆ ಎರಡೂ ಕಪ್ಪು. ಅನ್ನ ಆರಿತು, ಸಾರಿನ ಮೇಲೆ ಜಿಡ್ಡು ಕಟ್ಟಿತು. ಅತ್ತೆ ತಿರುಗಿ ನನ್ನ ಮುಖ ನೋಡಿದರು. ಹೊಸ ಸೊಸೆಯ ಕೈರುಚಿ ಮಗಳಿಗೆ ಹಿಡಿಸಲಿಲ್ಲವೆಂದು ಅವರ ಅನುಮಾನ. ನನಗೆ ಉರಿದುಹೋಯಿತು.

ಬಾಗಿಲ ಬಳಿ ಹಪ್ಪಳದ ಕಟ್ಟು ಹಿಡಿದು ನಿಂತಿದ್ದ ಥೊಮ್ ಅಕ್ಕ ಒಳಗೆ ಬಂದಳು.

“ಅವಳು ಕಡೇವರೆಗೂ ನನ್ನ ಹೆಸರಿಗೇ ಓಗೊಟ್ಟವಳು, ಅಮ್ಮ. ಅದೇ ಹೆಸರಲ್ಲಿ ಕರೀರಿ.”

ಬದುಕಿರುವವಳ ಹೆಸರನ್ನು ಸತ್ತವರ ಎಡೆಯ ಮುಂದೆ ಕೂಗುವುದೇ ಎಂದು ಅತ್ತೆ ಕಿವಿ ಮುಚ್ಚಿಕೊಂಡರು. ಥೊಮ್ ಅಕ್ಕ ತಾನೇ ಕೂಗಿದಳು. ಹೊರಗೆ ಸುಡುಬಿಸಿಲು, ಎಲೆ ಅಲುಗುತ್ತಿರಲಿಲ್ಲ. ಆದರೂ ಊದುಬತ್ತಿಯ ಹೊಗೆ ಬಾಗಿಲಿನಿಂದ ಒಳಕ್ಕೆ ಬಾಗಿತು. ನಾಣ್ಯ ಹಾಕಿದಾಗ ಒಂದು ಬಿಳಿ, ಒಂದು ಕಪ್ಪು.

ಆಮೇಲೆ ಊಟಕ್ಕೆ ಕೂರಿಸಿದರೆ ಥೊಮ್ ಅಕ್ಕನಿಗೆ ಒಂದು ತುತ್ತೂ ಇಳಿಯಲಿಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿದೆ ಎಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನು ನಗುವುದರೊಳಗೆ ತೇಗಿದಳು. ಹಾಗಲಕಾಯಿ ಸಾರಿನ ವಾಸನೆ ಬಂತು. ಬಟ್ಟಲಿನ ಸಾರು ಮುಟ್ಟದೆ ಹಾಗೇ ಇತ್ತು.

ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ. ಥೊಮ್ ಎಂದು ಕರೆದರೆ ನಾಣ್ಯ ಒಪ್ಪುತ್ತಿತ್ತು. ನಡುಬಿಸಿಲಿನಲ್ಲಿ ಆ ಅಕ್ಕನ ಕೈ ಕಾಲುವೆಯ ಕೆಸರಿನಷ್ಟು ತಣ್ಣಗಾಗುತ್ತಿತ್ತು. ಸಂಜೆಯವರೆಗೆ ಯಾರು ಮಾತಾಡಿಸಿದರೂ ತಿರುಗುತ್ತಿರಲಿಲ್ಲ. ನೆರೆಯವರು ಅದಕ್ಕೇ ಅವಳ ಹೆಸರನ್ನು ಬಾಯಿಗೆ ತಾರದಾದರು. ಹೆದರಿಕೆಯಾಗಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಹೆಸರು ತಾನೇ, ಉಟ್ಟ ಬಟ್ಟೆ ಕೊಟ್ಟ ಹಾಗೆ, ಕೊಟ್ಟವಳಿಗೆ ಸ್ವಲ್ಪ ಚಳಿಯಾಗುತ್ತದೆ ಎಂದು ಹಪ್ಪಳ ಮಗುಚುತ್ತಾ ಹೇಳಿದಳು.

ಅತ್ತೆಗೆ ತೊಂಬತ್ತು ಸಮೀಪಿಸಿದಾಗ ಸರ್ಕಾರದವರು ಕಲ್ಲಿನ ಹೆಸರು ತಿದ್ದಲು ಒಪ್ಪಿದರು. ಅದಕ್ಕಾಗಿ ಲುವಾನ್ ಅಲೆದಿದ್ದು ಅಷ್ಟಿಷ್ಟಲ್ಲ. ಹಳೆಯ ಕಲ್ಲು ತೆಗೆದು, ನ್ಯಾನ್ ಎಂದು ಕೆಂಪಕ್ಷರದಲ್ಲಿ ಕೆತ್ತಿದ ಹೊಸ ಕಲ್ಲು ನಿಲ್ಲಿಸಿದರು. ಹೂವು, ಭಾಷಣ ಎಲ್ಲ ಆಯಿತು. ಅತ್ತೆ ಅಕ್ಷರದ ಮೇಲೆ ಬೆರಳಾಡಿಸಿ, ಅಂದು ದಂಡೆಯಲ್ಲಿ ಅಳದೆ ಉಳಿದದ್ದನ್ನೆಲ್ಲ ಅತ್ತರು. ನಾವು ಸಂತೋಷದಲ್ಲಿದ್ದೆವು.

ಆ ವರ್ಷದ ತಿಥಿಯಲ್ಲಿ ಅತ್ತೆ ದನಿಯೆತ್ತಿ ನ್ಯಾನ್ ಎಂದು ಕರೆದರು. ಎರಡೂ ಬಿಳಿ. ಥೊಮ್ ಎಂದು ಕರೆದರು. ಎರಡೂ ಕಪ್ಪು. ಲುವಾನ್ ಹಾಕಿದ, ನಾನು ಹಾಕಿದೆ. ಯಾವ ಹೆಸರಿಗೂ ಅವಳು ಬರಲಿಲ್ಲ. ಊದುಬತ್ತಿಯ ಹೊಗೆ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು. ಹೊಸ್ತಿಲಾಚೆ ಯಾರೋ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಂತೆ ಹಲಗೆ ಕಿರುಗುಟ್ಟಿತು. ಹೋಗಿ ನೋಡಿದೆ. ಯಾರೂ ಇರಲಿಲ್ಲ.

“ನನ್ನ ಮಗು ಅಲ್ಲೂ ಇಲ್ಲ, ಇಲ್ಲೂ ಇಲ್ಲ” ಎಂದರು ಅತ್ತೆ. ಅಂದಿನಿಂದ ಅವರು ಅನ್ನ ಬಿಟ್ಟರು. ಅವಳು ಹಸಿದು ಬಾಗಿಲಲ್ಲಿ ನಿಂತಿರುವಾಗ ತಾನು ಹೇಗೆ ಉಣ್ಣಲಿ ಎನ್ನುತ್ತಿದ್ದರು. ಗಂಜಿ ಕುಡಿಸಲು ಹೋದರೆ ತುಟಿ ಬಿಗಿಯುತ್ತಿದ್ದರು. ಇನ್ನು ಹೆಚ್ಚು ದಿನ ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಾಗಿತ್ತು.

ಥೊಮ್ ಅಕ್ಕ ಒಂದು ಮಧ್ಯಾಹ್ನ ಬಂದು, ಮತ್ತೆ ಎಡೆ ಇಡು ಎಂದಳು. ತಿಥಿಯಲ್ಲದ ದಿನ ಎಡೆಯೇ ಎಂದು ನಾನು ಗೊಣಗುತ್ತಲೇ ಬಡಿಸಿದೆ. ಅವಳು ಎಡೆಯ ಮುಂದೆ ಕೂತು, ಎದುರಿಗೆ ಯಾರೋ ಇರುವ ಹಾಗೆ ಮಾತಾಡಿದಳು.

“ಕಲ್ಲು ಬದಲಾಯಿಸಿದ್ರಲ್ಲ, ನಾನು ಹೆಸರು ವಾಪಸ್ ಕಿತ್ಕೊಂಡೆ ಅಂದ್ಕೊಂಡ್ಯೇನೇ ಪೆದ್ದಿ? ಥೊಮ್ ಇನ್ನು ನಿನ್ನದಲ್ಲ ಅಂತ ನಿಂಗೆ, ನ್ಯಾನ್ ಅಂದ್ರೆ ಓಗೊಡೋ ಅಭ್ಯಾಸ ತಪ್ಪಿದೆ. ಅಂದು ಎರವಲು ಕೊಟ್ಟಿದ್ದೆ. ಇವತ್ತು ಪೂರ್ತಿ ಕೊಟ್ಟೆ. ಥೊಮ್ ನೀನೇ. ನನಗೆ ಬೇಡ.”

ಹಾಸಿಗೆಯಿಂದ ಅತ್ತೆ ತಲೆಯೆತ್ತಿದರು.

“ಕೊಟ್ಟುಬಿಟ್ರೆ ನಿನ್ನ ಗತಿ? ಗಂಡ ಇಲ್ಲ, ಮಕ್ಕಳಿಲ್ಲ. ನಾಳೆ ಸತ್ರೆ ಏನಂತ ಕರೆದು ಅನ್ನ ಇಡೋದು ನಿಂಗೆ?”

ಹೆಸರಿಲ್ಲದೆ ಸತ್ತವರು, ಏಳನೆಯ ತಿಂಗಳಲ್ಲಿ ದಿಕ್ಕಿಲ್ಲದ ಪ್ರೇತಗಳಿಗೆಂದು ಮರದ ಬುಡಕ್ಕೆ ಚೆಲ್ಲಿದ ಗಂಜಿ ನೆಕ್ಕಿಕೊಂಡು ಅಲೆಯುತ್ತಾರೆ. ಅದು ಥೊಮ್ ಅಕ್ಕನಿಗೂ ಗೊತ್ತಿತ್ತು.

ಅತ್ತೆ ಗೋಡೆ ಹಿಡಿದು, ನನ್ನ ಸಹಾಯ ಬೇಡವೆಂದು ಎದ್ದು ಕೂತು, ಎಡೆಯ ಕಡೆಗಲ್ಲ, ಥೊಮ್ ಅಕ್ಕನ ಕಡೆಗೆ ಕೈ ಚಾಚಿ ಕರೆದರು.

“ನ್ಯಾನ್, ಊಟಕ್ಕೆ ಬಾ ಮಗಳೇ.”

“ಓ, ಬಂದೆ ಅಮ್ಮ” ಎಂದಳು ಥೊಮ್ ಅಕ್ಕ.

ತುಟಿ ಅಲುಗಿದ್ದು ಅವಳದೇ. ಆದರೆ ದನಿ ಹದಿಹರೆಯದ ಹುಡುಗಿಯದು. ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಲುವಾನ್ ಕತ್ತಿ ಕೆಳಗೆ ಹಾಕಿ ಒಳಗೆ ಓಡಿಬಂದು, “ಅಕ್ಕ?” ಎಂದು ಬಾಗಿಲಲ್ಲೇ ನಿಂತುಬಿಟ್ಟ. ನಾನು ಆ ಎರಡು ನಾಣ್ಯಗಳನ್ನು ತಟ್ಟೆಗೆ ಹಾಕಿದೆ. ಒಂದು ಬಿಳಿ, ಒಂದು ಕಪ್ಪು.

ಅತ್ತೆ ಮೀನಿನ ಮುಳ್ಳು ಬಿಡಿಸಿ ಅವಳ ಬಟ್ಟಲಿಗೆ ಇಟ್ಟರು, ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಪ್ರತಿ ತಿಥಿಯಲ್ಲೂ ಏನೂ ಮುಟ್ಟದಿದ್ದವಳು ತಲೆ ಎತ್ತದೆ ಉಂಡಳು. ಹಾಗಲಕಾಯಿ ಮುಗಿಯಿತು, ಮೊಟ್ಟೆ ಮುಗಿಯಿತು.

“ಹೊಟ್ಟೆ ತುಂಬ್ತಾ, ನ್ಯಾನ್?” ಎಂದು ಅತ್ತೆ ಕೇಳಿದರು.

“ಇಲ್ಲ ಅಮ್ಮ” ಎಂದಳು ಅವಳು, ಬಟ್ಟಲು ಚಾಚಿ. “ಇನ್ನೂ ಹಸಿವು.”

ನಾನು ಪಾತ್ರೆಯ ತಳ ಕೆರೆಯಲು ಒಳಗೆ ಹೋದೆ.