ಸೈಮಾಳ ದ್ವೀಪಕ್ಕೊಂದು ದೋಣಿಕಟ್ಟೆ

ಏಪ್ರಿಲ್ ಕೊನೆಯಲ್ಲಿ ಸರೋವರದ ಮಂಜುಗಡ್ಡೆ ಒಡೆಯುವ ಸದ್ದು ಕೇಳಿದರೆ ಉತ್ತರ ಮಿನಿಸೋಟದ ನಮ್ಮ ಊರಿನವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತೇವೆ. ರೈನೊ ಕೂಸೆಲಾ ಮಾತ್ರ ಆಗಲೇ ಬೂಟು ಹಾಕಿಕೊಂಡಿರುತ್ತಾನೆ. ಚಳಿಗಾಲದಲ್ಲಿ ಮುರಿದುಹೋದ ದೋಣಿಕಟ್ಟೆಗಳನ್ನು ಮತ್ತೆ ನಿಲ್ಲಿಸುವುದು ನಲವತ್ತು ವರ್ಷಗಳಿಂದ ಅವನ ಕೆಲಸ. ಅವನು ಕೂತು ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ಲೋಟ ಹಿಡಿದು ಕಿಟಕಿಯಿಂದ ಕಿಟಕಿಗೆ ನಡೆಯುತ್ತಾನೆ.

ಈ ವರ್ಷ ಗಾಳಿ ಮಂಜುಗಡ್ಡೆಯನ್ನೆಲ್ಲ ಅವನ ಅಕ್ಕ ಸೈಮಾಳ ಮನೆಯಿರುವ ದ್ವೀಪದ ಕಡೆಗೆ ತಳ್ಳಿ ಅಲ್ಲಿನ ಕಟ್ಟೆಯನ್ನು ಮುರಿಯಿತು. ಸೊಂಟದ ಆಪರೇಷನ್ ಆಗಿ ಅವಳು ಫೆಬ್ರವರಿಯಿಂದ ರೈನೊನ ಮನೆಯಲ್ಲೇ ಇದ್ದಳು. ಸೈಮಾಳ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಜೂನ್ ಒಂದರೊಳಗೆ ದೋಣಿಯಿಂದ ಇಳಿಯಲು ಕಟ್ಟೆ ಇಲ್ಲದಿದ್ದರೆ ಅಮ್ಮ ಪಟ್ಟಣದ ವೃದ್ಧರ ವಸತಿಗೆ, ಕೋಣೆ ಕಾದಿರಿಸಿದೆ.

ಆ ಕಟ್ಟೆಗೆ ಆಧಾರ ಎರಡು ಕಲ್ಲುಗೂಡುಗಳು. ದಿಮ್ಮಿಗಳ ಪೆಟ್ಟಿಗೆಯನ್ನು ಅವರ ಅಪ್ಪ ಹೆಪ್ಪುಗಟ್ಟಿದ ಸರೋವರದ ಮೇಲೆಯೇ ಜೋಡಿಸಿ, ಕಲ್ಲು ತುಂಬಿ, ಸುತ್ತಲಿನ ಮಂಜುಗಡ್ಡೆ ಕತ್ತರಿಸಿ ತಳಕ್ಕೆ ಇಳಿಸಿದ್ದರು. ಈಗ ಹೊರಗಿನ ಗೂಡು ವಾಲಿತ್ತು. ದುರಸ್ತಿಗೆ ಪರವಾನಗಿ ಬೇಕು. ಗುರುವಾರ ಇನ್ಸ್‌ಪೆಕ್ಟರ್ ಬಂದು ನೋಡುವವರಿದ್ದರು; ಅಲ್ಲಿಯವರೆಗೆ ಏನನ್ನೂ ಮುಟ್ಟುವಂತಿರಲಿಲ್ಲ.

ಸೋಮವಾರ ಹೇಗೋ ಕಳೆಯಿತು. ಮಂಗಳವಾರ ರೈನೊ “ಸುಮ್ನೆ ನೋಡ್ಕೊಂಡ್ ಬರ್ತೀನಿ” ಎಂದು ಹೊರಟ. ಒಂದು ಕಲ್ಲು ಎತ್ತಿದ. ಸಂಜೆಯ ಹೊತ್ತಿಗೆ ವಾಲಿದ ಗೂಡಿನ ಕಲ್ಲುಗಳೆಲ್ಲ ದಡದ ಮೇಲೆ ಒಪ್ಪವಾಗಿ ರಾಶಿ ಬಿದ್ದಿದ್ದವು.

“ಕಲ್ಲೆಲ್ಲಿ ರೈನೊ ಅವ್ರೇ?” ಗುರುವಾರ ಬಂದ ಇನ್ಸ್‌ಪೆಕ್ಟರ್ ಮಾರಿತ್ ನೀರಿಗೆ ಇಣುಕಿ ಕೇಳಿದಳು.

“ದಡದ ಮೇಲಿವೆ ನೋಡಮ್ಮ. ಒಂದೂ ಕಳೆದಿಲ್ಲ.”

“ನೀರಲ್ಲೇ ಇದ್ದಿದ್ರೆ ದುರಸ್ತಿ ಅಂತ ಬರೀತಿದ್ದೆ. ಈಗ ವಾಪಸ್ ತುಂಬಿದ್ರೆ ಹೊಸ ಕಟ್ಟೆ ಆಗುತ್ತೆ. ಇದು ಮೀನು ಮೊಟ್ಟೆ ಇಡೋ ಜಾಗ, ಹೊಸದಾಗಿ ಕಲ್ಲು ಹಾಕೋ ಹಾಗಿಲ್ಲ.”

“ಅದೇ ಕಲ್ಲು! ಅದೇ ಜಾಗ!”

“ಎರಡು ದಿನ ಕಾಯೋಕಾಗ್ಲಿಲ್ವಾ ನಿಮ್ಗೆ?”

ರೈನೊ ಕೈಗವಸು ಕಳಚಿದ, ಮತ್ತೆ ಹಾಕಿಕೊಂಡ.

ಮಾರಿತ್ ದನಿ ತಗ್ಗಿಸಿದಳು. “ಒಳಗಿನ ಗೂಡು ಗಟ್ಟಿ ಇದೆ. ಅಲ್ಲಿಂದಾಚೆಗೆ ಗಾಲಿ ಇರೋ ಕಟ್ಟೆ ಇಳಿಸಿ, ಚಳಿಗಾಲಕ್ಕೆ ಮುಂಚೆ ದಡಕ್ಕೆ ಎಳ್ಕೊಳ್ಳಿ. ಅದಕ್ಕೆ ಪರವಾನಗಿ ಬೇಡ.”

ಬೇಸಿಗೆಗೆ ಬರುವ ಪಟ್ಟಣದವರ ಆ ಅಲ್ಯೂಮಿನಿಯಂ ಕಟ್ಟೆಗಳನ್ನು ರೈನೊ ‘ಕೂಸಿನ ಗಾಡಿ’ ಎನ್ನುತ್ತಿದ್ದ. ಮನೆಗೆ ಬಂದು ಅಕ್ಕನ ಮುಂದೆ ನಿಂತ.

“ಅಪ್ಪನ ಗೂಡು ನಾನೇ ಕಿತ್ತುಬಿಟ್ಟೆ ಅಕ್ಕ.”

“ಗೊತ್ತಿತ್ತು ಬಿಡೋ. ಬಾಣಲೆಗೆ ಹಾಕಿದ ಮೀನು ಬೇಯೋಕೂ ಬಿಡದೆ ತಿರುವಿ ತಿರುವಿ ಪುಡಿ ಮಾಡೋನು ನೀನು.”

“ಕೂಸಿನ ಗಾಡಿನೇ ಗತಿ ಈಗ.”

“ಗಾಲಿ ಇದ್ರೇನು, ರೆಕ್ಕೆ ಇದ್ರೇನು? ಅದ್ರ ಮೇಲೆ ನನ್ನ ಕಾಲು ನಿಲ್ಲುತ್ತಾ, ಅದು ಹೇಳು.”

ಮೇ ಮೂವತ್ತರ ಬೆಳಿಗ್ಗೆ ಸೈಮಾ ಕೋಲೂರಿ ದೋಣಿಯಿಂದ ಹೊಸ ಗಾಲಿಕಟ್ಟೆಗೆ ಕಾಲಿಟ್ಟಳು. ಹಲಗೆ ನಡುಗಿತು. ರೈನೊ ಸೊಂಟದ ಮಟ್ಟದ ತಣ್ಣೀರಿನಲ್ಲಿ ನಿಂತು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ.

“ಕೈ ತೆಗಿಯೋ.”

“ಅಲ್ಲಾಡ್ತಿದೆ ಅಕ್ಕ.”

“ದಿನಾ ನೀನು ನೀರಲ್ಲಿ ನಿಂತಿರ್ತೀಯಾ? ತೆಗಿ ಅಂದ್ನಲ್ಲ.”

ಅವನು ಒಂದೊಂದೇ ಬೆರಳು ಬಿಡಿಸಿಕೊಂಡ. ಕಟ್ಟೆ ನಿಂತಿತು. ಸೈಮಾ ಹನ್ನೊಂದು ಹೆಜ್ಜೆ ನಡೆದು ದಡ ಮುಟ್ಟಿದಳು. ಉಸಿರು ಹತೋಟಿಗೆ ಬರುವ ಮೊದಲೇ ಮಗಳಿಗೆ ಫೋನ್ ಮಾಡಿ, “ಆ ಕೋಣೆ ಬೇರೆ ಯಾರಿಗಾದ್ರೂ ಕೊಡ್ಲಿ ಕಣೇ” ಎಂದಳು.

ರೈನೊ ಇನ್ನೂ ನೀರಿನಲ್ಲೇ ಇದ್ದ, ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ.