ಉಳಿದದ್ದು ಯಾರ ತಾಟಿಗೆ

ಕಣ್ಣಿನ ಡಾಕ್ಟರು ಅವ್ವನನ್ನು ಎರಡನೇ ಸಲವೂ ವಾಪಸ್ ಕಳಿಸಿದರು. ಪೊರೆ ಬಲಿತಿದೆ, ಆಪರೇಷನ್ ಆಗಲೇಬೇಕು, ಆದರೆ ಶುಗರ್ ಇಳಿಯುವ ತನಕ ಕಣ್ಣಿಗೆ ಕೈ ಹಚ್ಚುವುದಿಲ್ಲ ಎಂದರು. ಆಟೋ ಕಲಬುರಗಿಯ ಗಾಜಿಪುರದ ನಮ್ಮ ಓಣಿಗೆ ಬಂತು. ಇಳಿಯುವಾಗ ಅವ್ವ, "ಹಂಗಾರ ಕಮಲಾಪುರಕ್ಕ ನಾ ಒಬ್ಬಾಕಿನೇ ಹೋಗೋದು ಮುಗೀತು," ಎಂದಳು. ಕಮಲಾಪುರದಲ್ಲಿ ಅವಳ ತಂಗಿ, ನನ್ನ ಚಿಗವ್ವ, ಇದ್ದಾಳೆ. ಬಸ್ಸಿನ ಬೋರ್ಡು ಕಾಣದಾದ ಮೇಲೆ ಅವ್ವ ನಮ್ಮಲ್ಲಿ ಒಬ್ಬರ ಬಿಡುವಿಗೆ ಕಾಯಬೇಕಾಗಿತ್ತು. ಕಾಯುವುದು ಅವಳ ಸ್ವಭಾವವಲ್ಲ.

ನಮಗೆ ಬಗೆಹರಿಯದ್ದು ಒಂದೇ. ಮನೆಯಲ್ಲಿ ಉಳಿದ ಎಲ್ಲರ ಆರೋಗ್ಯವೂ ಸುಧಾರಿಸುತ್ತಿತ್ತು. ನನ್ನ ಲಿವರಿನಲ್ಲಿ ಕೊಬ್ಬು ಕೂತಿದೆ ಎಂದು ರಿಪೋರ್ಟು ಬಂದ ದಿನವೇ ಹೆಂಡತಿ ಅಡುಗೆಯನ್ನು ಬದಲಿಸಿದ್ದಳು. ಸಂಜೆಯ ಮಿರ್ಚಿ ಭಜಿ ನಿಂತಿತು. ಅರ್ಧ ತಾಟು ಪಲ್ಯ, ಹಸಿ ಮೆಂತ್ಯ, ಸೌತೆಕಾಯಿಗೆ ಹೋಯಿತು. ಅನ್ನ ಒಂದು ಮೂಲೆಗೆ ಸರಿಯಿತು. ಮಗಳು ಸ್ಕೂಟಿ ಬಿಟ್ಟು ಸೈಕಲ್ ಮೇಲೆ ಕಾಲೇಜಿಗೆ ಹೊರಟಳು. ನನ್ನ ಪ್ಯಾಂಟುಗಳು ಸೊಂಟದಲ್ಲಿ ನಿಲ್ಲದಾದವು. ಇದೇನು ತಪಸ್ಸಲ್ಲ. ಹೊಟ್ಟೆ ಬಹಳ ಬೇಗ ಕಲಿಯುತ್ತದೆ, ನಾಲಿಗೆ ಸ್ವಲ್ಪ ತಡವಾಗಿ.

ಅವ್ವನೂ ನಡೆಯುತ್ತಿದ್ದಳು. ಆದರೆ ಕೆಲಸವಿಲ್ಲದೆ ತಿರುಗುವುದು ಅವಳಿಗೆ ಬಾರದು. "ಖಾಲಿ ಕೈಲೆ ಹೊಂಟರ ಮಂದಿ ಏನಂತಾರ?" ಅದಕ್ಕೇ ಬೆಳಿಗ್ಗೆ ಒಂದು ಕೈಯಲ್ಲಿ ನನ್ನ ಮೊಳಕೈ, ಇನ್ನೊಂದರಲ್ಲಿ ಚೀಲ ಹಿಡಿದು ನೆಹರು ಗಂಜಿನ ತನಕ ಬರುತ್ತಿದ್ದಳು. ದಾರಿಯಲ್ಲಿ ಯಾರಾದರೂ, "ಇಷ್ಟ ನಸಿಕಿನ್ಯಾಗ ಎಲ್ಲಿಗ್ರೀ ಅವ್ವಾರ?" ಎಂದರೆ, "ಬ್ಯಾಳಿ ತರಾಕ್ರೀ," ಎನ್ನುವಳು. ಗಂಜಿನ ಅಂಗಡಿಗಳು ಅಷ್ಟು ಹೊತ್ತಿಗೆ ಬಾಗಿಲು ತೆಗೆಯುವುದಿಲ್ಲ. ಕೇಳಿದವರಿಗೂ ಅದು ಗೊತ್ತಿತ್ತು.

ಉಣ್ಣುವುದು ನಮ್ಮದೇ ಅಡುಗೆ, ನಡೆಯುವುದು ನನ್ನ ಜೊತೆ, ಗುಳಿಗೆ ತಪ್ಪಿಸಿದವಳಲ್ಲ. ಆದರೂ ಶುಗರ್ ಏರುತ್ತಿತ್ತು. ಹೆಂಡತಿಯ ಅನುಮಾನ ಕೆಂಪು ಬಾಳೆಹಣ್ಣಿನ ಮೇಲೆ. ಕಮಲಾಪುರದಿಂದ ಕಲಬುರಗಿಗೆ ಯಾರು ಬಂದರೂ ಚಿಗವ್ವ ಅವರ ಕೈಯಲ್ಲಿ ತನ್ನ ಹೊಲದ ಹಣ್ಣು ಕಳಿಸುತ್ತಿದ್ದಳು.

"ಅತ್ತಿ, ಖರೇ ಹೇಳ್ರಿ, ಬಾಳಿಹಣ್ಣ ತಿಂತೀರೇನು?"

"ನಿನ್ ಗಂಡನ್ನ ಕೇಳು, ಸಿಪ್ಪಿ ಎಲ್ಲಿ ಒಗೀತಾನ ಅಂತ."

ಸಿಪ್ಪೆ ನನ್ನದೇ ಆಗಿತ್ತು. ಆ ಅನುಮಾನ ಅಲ್ಲಿಗೇ ಮುಗಿಯಿತು.

ಮುಂದಿನದೆಲ್ಲ ಕಮಲಾಪುರದಲ್ಲಿ ಒಂದೇ ಭಾನುವಾರ ನಡೆದಂತೆ ನನಗೆ ನೆನಪಿದೆ. ನೆನಪು ಹೀಗೆ ಎಲ್ಲವನ್ನೂ ಒಂದು ದಿನದೊಳಗೆ ಕಟ್ಟಿ ಕೊಟ್ಟಾಗ ನಾನು ಅದನ್ನು ನಂಬುವುದಿಲ್ಲ. ಅಲ್ಲ, ಎರಡು ಸಲ ಹೋಗಿದ್ದೆವು ಎನ್ನುತ್ತಾಳೆ ಹೆಂಡತಿ. ಊಟ ಒಂದು ದಿನದ್ದು, ಮಾತು ಇನ್ನೊಂದು ದಿನದ್ದು ಇರಬಹುದು. ಎರಡನ್ನೂ ಕೂಡಿಸಿ ಬರೆಯುತ್ತೇನೆ, ಹೊಲಿಗೆ ಕಂಡರೆ ಕಾಣಲಿ.

ಚಿಗವ್ವ ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡಿದ್ದಳು. ರೊಟ್ಟಿ, ಪುಂಡಿ ಪಲ್ಯ, ಅನ್ನ, ಬೇಳೆ ಸಾರು, ಎಲ್ಲವೂ ನಮ್ಮ ಹಳೆಯ ಹಸಿವಿನ ಲೆಕ್ಕದಲ್ಲೇ ಆಗಿತ್ತು. ಎರಡನೇ ಸಲ ಬಡಿಸಲು ಬಂದಾಗ ನಾವು ಮೂವರೂ ತಾಟಿನ ಮೇಲೆ ಕೈ ಅಡ್ಡ ಹಿಡಿದೆವು. ಅವಳು ಬೆರಳ ಸಂದಿಯಲ್ಲೇ ಹುಗ್ಗಿ ಸುರಿದಳು. ಅದನ್ನು ಹಾಗೇ ಬಿಟ್ಟು ಎದ್ದೆವು. ಕೈ ತೊಳೆದುಕೊಂಡು ಟವೆಲ್ ಕೇಳಲು ನಾನು ಅಡುಗೆಮನೆಗೆ ಬಂದರೆ ಅಕ್ಕ ತಂಗಿ ಊಟಕ್ಕೆ ಕೂತಿದ್ದರು. ನಾನು ಬಿಟ್ಟ ಹುಗ್ಗಿ, ಮಗಳು ಬಿಟ್ಟ ಅನ್ನ, ಹೆಂಡತಿಯ ಅರ್ಧ ರೊಟ್ಟಿ, ಒಂದೊಂದನ್ನೇ ಅವ್ವ ತನ್ನ ತಾಟಿಗೆ ಎಳೆದುಕೊಳ್ಳುತ್ತಿದ್ದಳು.

"ಅಕ್ಕ, ಏನ್ ಮಾಡಾಕತ್ತಿ ಇದು?"

"ಪ್ರಸಾದ ಅಲ್ಲೇನು? ಚೆಲ್ಲಬೇಕಾ?"

"ಚೆಲ್ಲಬ್ಯಾಡ. ತಾ ಇಲ್ಲಿ, ಎಮ್ಮಿಗಿ ಹಾಕ್ತೀನಿ."

"ನಿಮ್ಮಲ್ಲಿ ಎಮ್ಮಿ ಅದ. ನಮ್ಮ ಗಾಜಿಪುರದಾಗ ಎಲ್ಲಿಂದ ತರ್ಲಿ?"

ಚಿಗವ್ವ ಅಕ್ಕನ ತಾಟು ನೋಡಿದಳು, ಅಕ್ಕನನ್ನು ನೋಡಿದಳು. "ತರೋದ್ಯಾಕ, ನೀನೇ ಆಗೀದಿ. ಡಯಟ್ ಅವರದು, ಹೊಟ್ಟಿ ನಿಂದು."

ಅವ್ವ ತುತ್ತು ಗಂಟಲಿಗೆ ಸಿಕ್ಕುವಷ್ಟು ನಕ್ಕಳು. ನಾನು ಒದ್ದೆ ಕೈಯಲ್ಲೇ ಹೊರಗೆ ಬಂದು ಹೆಂಡತಿಗೆ ಹೇಳಿದೆ.

ನಮ್ಮ ಮನೆಯಲ್ಲೂ ನಡೆಯುತ್ತಿದ್ದದ್ದು ಇದೇ. ನಾವು ಉಣ್ಣುವುದನ್ನು ಕಡಿಮೆ ಮಾಡಿದೆವು, ಪಾತ್ರೆ ಕಡಿಮೆ ಆಗಿರಲಿಲ್ಲ. ಪಲ್ಯ ಹೆಂಡತಿಯದಾದರೂ ಅಕ್ಕಿ ಅಳೆಯುವ ಕೈ, ರೊಟ್ಟಿ ಬಡಿಯುವ ಕೈ ಅವ್ವನದು. ಹೊತ್ತಿಗೆ ಸರಿಯಾಗಿ ಯಾರಾದರೂ ಬಂದಾರೆಂದು ಮೇಲೊಬ್ಬರ ಪಾಲನ್ನೂ ಆ ಕೈ ಹಾಕುತ್ತಿತ್ತು. ಯಾರೂ ಬರುತ್ತಿರಲಿಲ್ಲ. ನಮ್ಮೆಲ್ಲರದೂ ಆದ ಮೇಲೆ ಕೊನೆಗೆ ಕೂರುವ ಅವ್ವ, ಅನ್ನ ಚೆಲ್ಲಬಾರದೆಂದು, ಪಾತ್ರೆಯ ತಳ ಕಾಣುವ ತನಕ ಉಣ್ಣುತ್ತಿದ್ದಳು. ನಮ್ಮ ಮೈಯಿಂದ ಇಳಿದದ್ದು ಎಲ್ಲಿಗೂ ಹೋಗಿರಲಿಲ್ಲ.

"ನಾಳಿಂದ ನೀವೂ ನಮ್ಮ ಜೋಡಿ ಕುಂದ್ರಬೇಕ್ರಿ ಅತ್ತಿ," ಎಂದಳು ಹೆಂಡತಿ.

"ಎಲ್ಲಾರೂ ಕುಂತರ ಬಡಸೋರ್ಯಾರು?"

"ಎಲ್ಲಾರಿಗೂ ಕೈ ಅದಾವಲ್ರಿ."

"ನಿನ್ ಗಂಡಗೂ ಅದಾವೇನು? ಇಷ್ಟ ವರ್ಷ ನಾ ನೋಡೇ ಇಲ್ಲ."

ಪಾತ್ರೆಗಳು ನಡುವೆ ಬಂದವು. ಹಾಕಿಕೊಂಡವರೇ ಉಣ್ಣಬೇಕು, ಉಣ್ಣುವಷ್ಟೇ ಹಾಕಿಕೊಳ್ಳಬೇಕು. ಅಕ್ಕಿ ಅಳೆಯುವುದನ್ನು ಮಗಳಿಗೆ ವಹಿಸಿದೆವು. ಮೊದಲ ದಿನಗಳಲ್ಲಿ ಅವ್ವ ಕೂತಲ್ಲಿ ಕೂರಲಿಲ್ಲ. ಉಪ್ಪಿಗೆ ಎದ್ದಳು, ನೀರಿಗೆ ಎದ್ದಳು, ಏನೂ ಬೇಡದಿದ್ದಾಗಲೂ ಎದ್ದಳು. ಒಂದು ದಿನ ಊಟದ ಹೊತ್ತಿಗೆ ಖರೇನೇ ನೆಂಟರೊಬ್ಬರು ಬಂದರು. ಪಾತ್ರೆ ಖಾಲಿ. ಅವ್ವನ ಮುಖ ಸಣ್ಣದಾಯಿತು. ಹೆಂಡತಿ ಹಿಟ್ಟು ನಾದಿದಳು, ಅವ್ವ ಬಡಿದಳು, ಬಂದವರು ಒಲೆಯ ಮೇಲಿಂದ ಇಳಿದ ಬಿಸಿ ರೊಟ್ಟಿ ಉಂಡು ಹೋದರು. ಹಳೆಯ ಪದ್ಧತಿಯಲ್ಲಾದರೆ ಅವರಿಗೆ ತಣ್ಣನೆಯ ಅನ್ನ ಸಿಗುತ್ತಿತ್ತು. ಅವ್ವ ಇದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಶುಗರ್ ಇಳಿಯಿತು. ಒಂದೇ ಸಲಕ್ಕಲ್ಲ, ಹಬ್ಬದಲ್ಲಿ ಏರಿ ಮತ್ತೆ ಇಳಿಯಿತು. ಮೂರನೇ ಸಲ ಹೋದಾಗ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟರು. ಕಣ್ಣು ಚೆನ್ನಾಗಿ ಬಂತು.

ಅವ್ವ ಒಬ್ಬಳೇ ಕಮಲಾಪುರಕ್ಕೆ ಹೊರಟ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ತನ್ನ ಊಟ ಮುಗಿಸಿ ಅವ್ವ ನನ್ನನ್ನೇ ನೋಡುತ್ತಾ ಕೂತಳು. ಬಹಳ ಹೊತ್ತು ನೋಡಿದಳು.

"ತಮ್ಮಾ, ಯಾಕಿಷ್ಟ ಸೊರಗೀದಿ? ಯಾರೂ ನನಗ ಹೇಳೇ ಇಲ್ಲ."

ನಾನು ಕೈ ಅಡ್ಡ ತರುವುದರೊಳಗೆ ಇನ್ನೊಂದು ರೊಟ್ಟಿ ನನ್ನ ತಾಟಿಗೆ ಬಿದ್ದಿತ್ತು. ಬಸ್ ಸ್ಟ್ಯಾಂಡಿನ ತನಕ ಬರುತ್ತೇನೆ ಎಂದು ಏಳಲು ಹೋದೆ.

"ನೀ ಕುಂತು ಉಣ್ಣು. ನಾ ಹೋಗಿ ಬರ್ತೀನಿ."

ಹೆಂಡತಿ ನನ್ನ ತಾಟು ನೋಡಿದಳು. ರೊಟ್ಟಿಯನ್ನು ಪೂರ್ತಿ ತಿಂದು ಎದ್ದೆ. ಬಾಗಿಲಿಗೆ ಬರುವಷ್ಟರಲ್ಲಿ ಅವ್ವನ ಆಟೋ ಓಣಿ ದಾಟಿತ್ತು.