ಹಿತ್ತಾಳೆ ಪರಾತದಲ್ಲಿ ಅವ್ವನ ಕಾಲು

ಅವ್ವನಿಗೆ ಸಕ್ಕರೆ ಕಾಯಿಲೆ. ಮುಳ್ಳು ಚುಚ್ಚಿದರೂ ಗೊತ್ತಾಗದಷ್ಟು ಪಾದಗಳು ಮರಗಟ್ಟಿದ್ದವು. ಗೊಬ್ಬೂರಿನ ನಮ್ಮ ತೊಗರಿ ಹೊಲದಲ್ಲಿ ಚಪ್ಪಲಿಯೊಳಗೆ ಸೇರಿದ ಹರಳೊಂದು ದಿನವಿಡೀ ಕೊರೆದು ಅಂಗಾಲಿನಲ್ಲಿ ಹುಣ್ಣಾಯಿತು. ಮೂರು ತಿಂಗಳಾದರೂ ಮಾಯಲಿಲ್ಲ. ಕಲಬುರಗಿಯ ಡಾಕ್ಟರು, "ಎಲುಬಿಗೆ ಇಳಿದಿಲ್ಲ. ಇಳಿದ್ರ ಪಾದ ತೆಗೀಬೇಕಾಗ್ತದ ನೋಡ್ರಿ" ಎಂದರು.

ಅವರು ಬರೆದುಕೊಟ್ಟದ್ದು ಬೆರಳುದ್ದದ ಒಂದು ಟ್ಯೂಬು, ಫ್ರಿಜ್ಜಿನಲ್ಲಿಡುವ ಮುಲಾಮು. ಗಾಯವಾದಾಗ ಹೊಸ ಮಾಂಸ ಬೆಳೆಸೆಂದು ಮೈ ತಾನೇ ಸುದ್ದಿ ಕಳಿಸುತ್ತದಂತೆ. ಅವ್ವನ ಕಾಲಿಗೆ ಆ ಸುದ್ದಿ ಸರಿಯಾಗಿ ಮುಟ್ಟುತ್ತಿರಲಿಲ್ಲ. ಸುದ್ದಿ ಒಯ್ಯುವ, ಪೆಪ್ಟೈಡ್ ಎಂಬ ಪ್ರೋಟೀನಿನ ತುಣುಕನ್ನೇ ಫ್ಯಾಕ್ಟರಿಯಲ್ಲಿ ತಯಾರಿಸಿ ಮುಲಾಮಿಗೆ ಬೆರೆಸಿದ್ದರು. ಇದನ್ನು ಕಂಡುಹಿಡಿದ ಪುಣ್ಯಾತ್ಮರಿಗೆ ಅವತ್ತೇ ಮನಸ್ಸಿನಲ್ಲಿ ಶರಣು ಹೇಳಿದೆ.

ಆದರೆ ದಿನಾ ಗಾಯ ತೊಳೆದು, ತೆಳ್ಳಗೆ ಹಚ್ಚಿ, ಒದ್ದೆ ಬಟ್ಟೆ ಕಟ್ಟಬೇಕು. ನಾನು ಜೇವರ್ಗಿಯಲ್ಲಿ ಟೀಚರು, ಊರಿಗೆ ಬರುವುದು ಭಾನುವಾರಕ್ಕೆ. ಮನೆಯಲ್ಲಿದ್ದವನು ಅಪ್ಪ ಒಬ್ಬನೇ. ಅವನು ಮುಲಾಮು ಹಿಡಿದು ಬಂದರೆ ಅವ್ವ ಸೀರೆಯೊಳಗೆ ಕಾಲು ಮುಚ್ಚಿಕೊಂಡಳು.

"ಬ್ಯಾಡ್ರಿ. ಗಂಡನ ಕೈಲೆ ಕಾಲು ಮುಟ್ಟಿಸ್ಕೊಂಡ್ರ ನನಗ ಪಾಪ ಹತ್ತತದ."

ತಾನೇ ಹಚ್ಚಿಕೊಂಡಳು. ಕಾಣದ ಅಂಗಾಲಿಗೆ ಮುಲಾಮು ಎಲ್ಲೆಲ್ಲೋ ಮೆತ್ತಿತ್ತು, ಹುಣ್ಣು ಹಾಗೇ ಇತ್ತು. ಮುಂದಿನ ಭಾನುವಾರ ಅದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು.

"ಪಾಪ ಹತ್ತಿದ್ರ ಹತ್ತಲಿ ಬೇ, ಕಾಲು ಉಳೀಲಿ."

ಅಪ್ಪ ಎದ್ದು ಒಳಗೆ ಹೋದ. ಶ್ರಾವಣದಲ್ಲಿ ಪೂಜೆಗೆ ಮನೆಗೆ ಬರುವ ಜಂಗಮ ಅಯ್ಯನವರ ಪಾದ ತೊಳೆಯುವ ಅಗಲವಾದ ಹಿತ್ತಾಳೆ ಪರಾತ ತಂದು ಅವ್ವನ ಮುಂದಿಟ್ಟ.

"ಅಯ್ಯನವ್ರ ಪಾದ ತೊಳೀತೇನಿ. ಅವ್ರೇನು ನಲವತ್ತು ವರ್ಷ ನನಗ ರೊಟ್ಟಿ ಬಡ್ದು ಹಾಕ್ಯಾರೇನು?"

ಅವ್ವ ಗೋಡೆಯ ಕಡೆ ಮುಖ ಮಾಡಿ ಕಾಲು ಚಾಚಿದಳು.

ಒಂದು ತಂಬಿಗೆ ನೀರನ್ನೂ ತಾನೇ ತುಂಬಿಕೊಳ್ಳದ ಮನುಷ್ಯ ನಮ್ಮಪ್ಪ. ಅಂಥವನು ಚಾಳೀಸು ಹಾಕಿಕೊಂಡು, ಕುದಿಸಿ ಆರಿಸಿದ ನೀರಿನಿಂದ ಗಾಯ ತೊಳೆದು, ಜೋಳದ ಕಾಳಿನಷ್ಟು ಮುಲಾಮನ್ನು ಅಂಚಿನವರೆಗೆ ಸವರುತ್ತಿದ್ದ. ನೆಲಕ್ಕೆ ಕಾಲೂರಲು ಬಿಡುತ್ತಿರಲಿಲ್ಲ. ತಿಂಗಳಲ್ಲಿ ಕೆಂಪು ಮಾಂಸ ತುಂಬತೊಡಗಿತು. ಐದನೇ ತಿಂಗಳಿಗೆ ಹುಣ್ಣಿನ ಜಾಗದಲ್ಲಿ ನವಿರಾದ ಹೊಸ ಚರ್ಮ ಮೂಡಿತ್ತು. ಮುಲಾಮನ್ನು ಹೊಗಳಲೋ ಅಪ್ಪನನ್ನೋ ತಿಳಿಯದೆ ನಾನು ಬಚ್ಚಲಿಗೆ ಹೋಗಿ ಅತ್ತೆ.

ಇನ್ನು ಪಟ್ಟಿ ಬೇಡವೆಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆಯೂ ಅಪ್ಪ ಪರಾತ ಹಿಡಿದು ಬಂದ.

"ಮಾಯ್ದದಲ್ರಿ, ಇನ್ಯಾಕ?" ಎಂದಳು ಅವ್ವ.

"ದಿನಾ ಪಾದ ನೋಡ್ರಿ ಅಂದಾರ ಡಾಕ್ಟರು," ಎಂದು ಅಪ್ಪ ನೆಲಕ್ಕೆ ಕುಂತ.

ಅವ್ವ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಮಾಯ್ದ ಕಾಲನ್ನು ಪರಾತದಲ್ಲಿಟ್ಟಳು. ಆಮೇಲೆ ಸೀರೆಯ ನಿರಿಗೆ ಸ್ವಲ್ಪ ಮೇಲೆತ್ತಿ, ಏನೂ ಆಗದ ಇನ್ನೊಂದು ಕಾಲನ್ನೂ ಅದರ ಪಕ್ಕದಲ್ಲಿಟ್ಟಳು.